ತೂಕ ಇಳಿಸುವಾಗ ಡಯಟ್‌ಗೆ ರಜೆ ಕೊಡಬಹುದಾ? ಯಾವ ರಜೆ, ಯಾರಿಗೆ, ಎಷ್ಟು ದಿನ

ಡಯಟ್ ಶುರು ಮಾಡಿದ ಎರಡು ಮೂರು ವಾರಕ್ಕೆ ಈ ಪ್ರಶ್ನೆ ಬಂದೇ ಬರುತ್ತದೆ. ‘ಭಾನುವಾರ ಒಂದು ದಿನ ಬಿಟ್ಟರೆ ಪರವಾಗಿಲ್ವಾ?’ ಕೆಲವರು ಬಿಡಲೇಬೇಕು, ಇಲ್ಲದಿದ್ದರೆ ಮೆಟಬಾಲಿಸಂ, ಅಂದರೆ ಮೈ ಶಕ್ತಿ ಖರ್ಚು ಮಾಡುವ ವೇಗ, ನಿಧಾನವಾಗಿ ತೂಕ ಇಳಿಯೋದೇ ನಿಂತುಬಿಡುತ್ತದೆ ಅನ್ನುತ್ತಾರೆ. ಇನ್ನು ಕೆಲವರು, ಒಂದೇ ಒಂದು ದಿನ ಬಿಟ್ಟರೂ ಅಷ್ಟು ದಿನ ಪಟ್ಟ ಕಷ್ಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ರಜೆಯಲ್ಲೂ ಬೇರೆ ಬೇರೆ ಥರ ಇದೆ. ಒಂದು ನಿಮಗೆ ಸಹಾಯ ಮಾಡಿದರೆ ಇನ್ನೊಂದು ತಿಂಗಳ ಶ್ರಮವನ್ನೇ ತಿಂದುಹಾಕಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಾರಕ್ಕೆ ಒಂದು ಹೊತ್ತು ಡಯಟ್ ಬಿಟ್ಟು ಇಷ್ಟದ ಊಟ ಮಾಡುವ ರಜೆ ಹೆಚ್ಚಿನವರಿಗೆ ಒಳ್ಳೆಯದು. ವಾರಕ್ಕೊಂದು ಇಡೀ ದಿನದ ರಜೆ ಹೆಚ್ಚಿನವರಿಗೆ ಬೇಡ. ಎರಡು ಮೂರು ತಿಂಗಳಿಗೊಮ್ಮೆ, ಇಳಿಸೋದನ್ನು ನಿಲ್ಲಿಸಿ ಇದ್ದ ತೂಕವನ್ನು ಹಾಗೇ ಕಾಯ್ದುಕೊಳ್ಳುವ ಒಂದೆರಡು ವಾರದ ವಿರಾಮವೂ ಇದೆ. ಇದರ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಆದರೆ ನಮ್ಮ ಹಬ್ಬ ಹುಣ್ಣಿಮೆಗಳ ನಡುವೆ ಚೆನ್ನಾಗಿ ಕೂರೋದು ಅದೇ. ಮತ್ತೆ ಒಂದು ಮಾತು: ರಜೆ ಇಲ್ಲದೆ ಒಂದು ವಾರವೂ ತಳ್ಳೋಕಾಗದಂಥ ಡಯಟ್ ಆಗಿದ್ದರೆ, ಮೊದಲು ಬದಲಾಗಬೇಕಾದ್ದು ಆ ಡಯಟ್. ಬೆಳಗ್ಗೆ ಓಟ್ಸ್, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಸೂಪ್ ಅಂತ ಬದುಕಿದವರಿಗೆ ಭಾನುವಾರ ಬಿರಿಯಾನಿ ಅಂಗಡಿಯೇ ಕಣ್ಣಮುಂದೆ ಬರುತ್ತದೆ. ಮುದ್ದೆ, ಸಾರು, ಪಲ್ಯ, ಮಜ್ಜಿಗೆ ಇಟ್ಟುಕೊಂಡೇ ಪ್ರಮಾಣ ಕಡಿಮೆ ಮಾಡಿದವರಿಗೆ ಆ ತಹತಹ ಅಷ್ಟು ಇರುವುದಿಲ್ಲ.

ಮೊದಲು ಲೆಕ್ಕ

ಒಬ್ಬರಿಗೆ ದಿನಕ್ಕೆ 2000 ಕ್ಯಾಲೊರಿ ಬೇಕು ಅಂದುಕೊಳ್ಳಿ. ತೂಕ ಇಳಿಸಲು ಅವರು 1500 ತಿನ್ನುತ್ತಿದ್ದಾರೆ. ದಿನಕ್ಕೆ 500 ಉಳಿತಾಯ, ವಾರಕ್ಕೆ 3500. ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ಹಾಗಾಗಿ ಒಂದು ದಿನವೂ ಬಿಡದೆ ನಡೆಸಿದರೆ ಒಂದು ಕಿಲೊ ಇಳಿಯಲು ಹೆಚ್ಚುಕಡಿಮೆ 15 ದಿನ.

ಈಗ ಭಾನುವಾರ ಒಂದು ಹೊತ್ತು ಇಷ್ಟದ ಊಟ ಮಾಡಿದರು, ಆ ದಿನದ 500 ಉಳಿತಾಯ ಹೋಯಿತು ಅನ್ನಿ. ವಾರಕ್ಕೆ 3000 ಉಳಿಯಿತು. ಒಂದು ಕಿಲೊಗೆ 18 ದಿನ. ಮೂರು ದಿನ ತಡವಾಯಿತು, ಅಷ್ಟೇ.

ಇಡೀ ದಿನ ಬಿಟ್ಟರೆ? ಬೆಳಗ್ಗೆ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ, ಒಂದು ವಡೆ, ಕಾಫಿ. ಮಧ್ಯಾಹ್ನ ಬಿರಿಯಾನಿ, ಜೊತೆಗೆ ಕಬಾಬ್. ಸಂಜೆ ಬಜ್ಜಿ ಬೋಂಡ, ಮತ್ತೊಂದು ಕಾಫಿ. ರಾತ್ರಿ ಮನೆಯವರೆಲ್ಲ ಹೊರಗೆ, ಕೊನೆಗೆ ಐಸ್‌ಕ್ರೀಂ. ಇದೇನು ಅತಿಯಾದ ದಿನ ಅಲ್ಲ, ಬೆಂಗಳೂರಿನ ಸಾಮಾನ್ಯ ಭಾನುವಾರ. ಆದರೂ 3500 ಕ್ಯಾಲೊರಿ ಮುಟ್ಟುತ್ತದೆ. ಅಂದರೆ ಬೇಕಾದ್ದಕ್ಕಿಂತ 1500 ಜಾಸ್ತಿ. ಆರು ದಿನ ಉಳಿಸಿದ 3000ದಲ್ಲಿ ಅರ್ಧ ಒಂದೇ ದಿನದಲ್ಲಿ ಹೋಯಿತು. ಈಗ ಒಂದು ಕಿಲೊ ಇಳಿಯಲು 36 ದಿನ ಬೇಕು.

ಇದು ಸರಳ ಲೆಕ್ಕ. ತೂಕ ಇಳಿದ ಹಾಗೆ ಮೈ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುವುದರಿಂದ ನಿಜದಲ್ಲಿ ಇನ್ನಷ್ಟು ನಿಧಾನವೇ ಆಗುತ್ತದೆ. ಆದರೆ ಈ ಮೂರು ಸಂಖ್ಯೆಗಳ ನಡುವಿನ ಅಂತರ ನೋಡಿ. 15ಕ್ಕೂ 18ಕ್ಕೂ ದೊಡ್ಡ ವ್ಯತ್ಯಾಸವಿಲ್ಲ. 18ಕ್ಕೂ 36ಕ್ಕೂ ಇದೆ. ‘ವಾರವೆಲ್ಲ ಬಾಯಿ ಕಟ್ಟಿದ್ದೇನೆ, ತೂಕ ಮಾತ್ರ ಇಳೀತಾ ಇಲ್ಲ’ ಅಂತ ಬೇಸರ ಪಡುವ ಎಷ್ಟೋ ಜನರ ಉತ್ತರ ಇಲ್ಲೇ ಇರುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಇದನ್ನೇ ತೋರಿಸಿದರು. ಕ್ಯಾಲೊರಿ ಕಡಿಮೆ ಮಾಡಿದವರ ತೂಕ ವಾರದ ದಿನಗಳಲ್ಲಿ ಇಳಿಯುತ್ತಿತ್ತು. ವಾರಾಂತ್ಯದಲ್ಲಿ ಇಳಿತ ನಿಲ್ಲುತ್ತಿತ್ತು.

ಒಂದು ದಿನವೂ ಬಿಡದೆ

ಇದರ ಬಲ ಸರಳತೆಯಲ್ಲಿದೆ. ಇವತ್ತು ತಿನ್ನಬಹುದಾ ಬೇಡವಾ ಅನ್ನುವ ಚರ್ಚೆಯೇ ಇಲ್ಲ. ಅಮೆರಿಕದಲ್ಲಿ ತೂಕ ಇಳಿಸಿ ಉಳಿಸಿಕೊಂಡವರ ಒಂದು ದೊಡ್ಡ ನೋಂದಣಿ ಇದೆ. 1994ರಲ್ಲಿ ಶುರುವಾಯಿತು. ಕನಿಷ್ಠ 13.6 ಕಿಲೊ ಇಳಿಸಿ, ಒಂದು ವರ್ಷವಾದರೂ ಹಾಗೇ ಉಳಿಸಿಕೊಂಡವರಿಗೆ ಮಾತ್ರ ಅದರಲ್ಲಿ ಜಾಗ. ಅವರಲ್ಲಿ ವಾರದ ದಿನ, ವಾರಾಂತ್ಯ ಎರಡರಲ್ಲೂ ಒಂದೇ ಥರ ತಿನ್ನುತ್ತಿದ್ದವರು ಮುಂದಿನ ವರ್ಷವೂ ತೂಕ ಉಳಿಸಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಒಂದೂವರೆ ಪಟ್ಟು ಹೆಚ್ಚಿತ್ತು. 2004ರಲ್ಲಿ ಹೊರಬಂದ ಮಾಹಿತಿ ಇದು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅವರು ದಿನವೂ ಉಪವಾಸ ಇದ್ದವರಲ್ಲ. ದಿನವೂ ನಡೆಸಿಕೊಂಡು ಹೋಗಬಹುದಾದ ಊಟ ಹುಡುಕಿಕೊಂಡವರು. ಹಾಗಾಗಿ ಒಂದು ದಿನವೂ ಬಿಡದೆ ನಡೆಸುವುದು ಡಯಟ್ ಸಡಿಲವಾಗಿದ್ದಾಗ ಮಾತ್ರ ಆಗುವ ಕೆಲಸ. ದಿನಕ್ಕೆ 300 ಕ್ಯಾಲೊರಿ ಕಡಿಮೆ ಮಾಡಿಕೊಂಡು, ನಿಧಾನವಾಗಿ ಇಳಿದರೂ ಸಾಕು ಅನ್ನುವವರಿಗೆ ರಜೆಯ ಅಗತ್ಯವೇ ಬೀಳದೆ ಹೋಗಬಹುದು. ಅಡುಗೆ ಮನೆಯಲ್ಲೇ ಮಾಡಿಕೊಂಡು, ಹೊರಗೆ ತಿನ್ನುವುದು ಅಪರೂಪವಾಗಿರುವ ಹಿರಿಯರಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಒಂದು ಹೊತ್ತಿನ ರಜೆ

ನಾನು ಹೆಚ್ಚಿನವರಿಗೆ ಹೇಳೋದು ಇದನ್ನೇ. ವಾರಕ್ಕೆ ಒಂದು ಊಟ, ಯಾವ ದಿನ, ಯಾವ ಹೊತ್ತು ಅಂತ ಮೊದಲೇ ಗೊತ್ತು ಮಾಡಿಕೊಂಡದ್ದು. ಶನಿವಾರ ರಾತ್ರಿ ಸ್ನೇಹಿತರ ಜೊತೆ, ಇಲ್ಲವೇ ಭಾನುವಾರ ಬೆಳಗ್ಗೆ ಮನೆಯವರ ಜೊತೆ ದೋಸೆ. ಅವತ್ತಿನ ಉಳಿದ ಎರಡು ಹೊತ್ತು ಎಂದಿನಂತೆಯೇ.

ಮೊದಲೇ ಗೊತ್ತು ಮಾಡಿಕೊಳ್ಳುವುದಕ್ಕೆ ಯಾಕೆ ಇಷ್ಟು ಒತ್ತು? 1975ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಬೇಕಾದಷ್ಟು ಐಸ್‌ಕ್ರೀಂ ಇಟ್ಟರು. ಡಯಟ್ ಮಾಡದವರು ಹೊಟ್ಟೆ ತುಂಬಿದೆ ಅಂತ ಕಡಿಮೆ ತಿಂದರು. ಡಯಟ್ ಮಾಡುತ್ತಿದ್ದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಇನ್ನೂ ಜಾಸ್ತಿ ತಿಂದರು. ‘ಹೇಗೂ ಇವತ್ತು ಕೆಟ್ಟಿತು, ಇನ್ನೇನು’ ಅನ್ನುವ ಮನಸ್ಸು ಅದು. ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕ್ ಒಂದು ತುಂಡು ತಿಂದು, ಸಂಜೆ ಚುರುಮುರಿ, ರಾತ್ರಿ ಗೋಬಿ ಮಂಚೂರಿವರೆಗೆ ಹೋಗುವುದು ಇದೇ ಮನಸ್ಸಿನಿಂದ. ಮೊದಲೇ ಒಪ್ಪಿಕೊಂಡ ಊಟದಲ್ಲಿ ಕೆಡುವಂಥದ್ದು ಏನೂ ಇರುವುದಿಲ್ಲ. ತಿಂದಿರಿ, ಮುಗಿಯಿತು.

ಒಂದು ಸಣ್ಣ ನಿಯಮ ಇಟ್ಟುಕೊಂಡರೆ ಒಳ್ಳೆಯದು: ಆ ಊಟ ಮನೆಯಿಂದ ಹೊರಗೆ, ಅಥವಾ ಮನೆಯಲ್ಲಾದರೆ ಎಲ್ಲರ ಜೊತೆ ಕೂತು. ಚಿಪ್ಸ್ ಪ್ಯಾಕೆಟ್ ತಂದು ಟೀವಿ ಮುಂದೆ ಇಟ್ಟುಕೊಂಡರೆ ಅದು ಒಂದು ಹೊತ್ತಿಗೆ ಮುಗಿಯುವುದಿಲ್ಲ. ಉಳಿದ ಪ್ಯಾಕೆಟ್ ಸೋಮವಾರವೂ ಕಪಾಟಿನಲ್ಲೇ ಇರುತ್ತದೆ.

ಯಾರಿಗೆ ಇದೂ ಬೇಡ? ತಿನ್ನಲು ಶುರು ಮಾಡಿದರೆ ನಿಲ್ಲಿಸುವುದೇ ಕಷ್ಟ, ಕದ್ದುಮುಚ್ಚಿ ತಿನ್ನುವಂತಾಗುತ್ತದೆ, ಆಮೇಲೆ ವಾಂತಿ ಮಾಡಬೇಕು ಅನ್ನಿಸುತ್ತದೆ ಅನ್ನುವವರಿಗೆ. ಇದು ಕಾಯಿಲೆ, ಚಿಕಿತ್ಸೆ ಇದೆ. ರಜೆ, ಡಯಟ್ ಎರಡನ್ನೂ ಬದಿಗಿಟ್ಟು ಮನೋವೈದ್ಯರನ್ನು ಕಾಣಬೇಕು. ನಾಚಿಕೆ ಪಡುವ ವಿಷಯವಲ್ಲ.

ಇಡೀ ದಿನದ ರಜೆ

ಇದರ ಪರವಾಗಿ ಹೇಳುವ ದೊಡ್ಡ ಮಾತು, ‘ಒಂದು ದಿನ ಜಾಸ್ತಿ ತಿಂದರೆ ಮೆಟಬಾಲಿಸಂ ಮತ್ತೆ ಚುರುಕಾಗುತ್ತದೆ’ ಅನ್ನುವುದು. ಇದರಲ್ಲಿ ಸ್ವಲ್ಪ ನಿಜ ಇದೆ, ಅದಕ್ಕೇ ಇದು ಇಷ್ಟು ಓಡಾಡುತ್ತಿದೆ. ಊಟ ಕಡಿಮೆಯಾದಾಗ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ. ಅದು ಕಡಿಮೆಯಾದರೆ ಹಸಿವು ಜಾಸ್ತಿ. ಜೊತೆಗೆ ನಮಗೇ ಗೊತ್ತಿಲ್ಲದೆ ಓಡಾಟ ಕಡಿಮೆಯಾಗುತ್ತದೆ. ಮೆಟ್ಟಿಲು ಹತ್ತುವ ಬದಲು ಲಿಫ್ಟ್, ನಿಂತುಕೊಳ್ಳುವ ಬದಲು ಕೂರುವುದು. ಒಂದು ದಿನ ಹೊಟ್ಟೆ ತುಂಬ ತಿಂದರೆ ಲೆಪ್ಟಿನ್ ಏರುವುದೂ ನಿಜ. ಆದರೆ ಮತ್ತೆ ಡಯಟ್‌ಗೆ ಮರಳಿದ ಕೂಡಲೇ ಅದು ಇಳಿದುಬಿಡುತ್ತದೆ. ಜಾಸ್ತಿ ತಿಂದದ್ದನ್ನು ಅರಗಿಸಲು ಮೈ ಹೆಚ್ಚು ಖರ್ಚು ಮಾಡುತ್ತದಲ್ಲ ಅಂದರೆ, ಅದು ತಿಂದದ್ದರ ಸುಮಾರು ಹತ್ತನೇ ಒಂದು ಭಾಗ. 1500 ಜಾಸ್ತಿ ತಿಂದು 150 ಖರ್ಚು ಮಾಡಿದರೆ ಲಾಭ ಎಲ್ಲಿ?

ಇನ್ನೊಂದು ತೊಂದರೆ ಮನಸ್ಸಿನದು. ಇಡೀ ದಿನ ಬಿಟ್ಟುಕೊಂಡವರಿಗೆ ಆರು ದಿನ ಆ ಒಂದು ದಿನದ ಕಾಯುವಿಕೆಯಾಗುತ್ತದೆ. ಮನೆಯ ಊಟ ಶಿಕ್ಷೆ ಅನ್ನಿಸಲು ಶುರುವಾಗುತ್ತದೆ. ಇದು ನನಗೆ ನಿಜಕ್ಕೂ ಬೇಜಾರು ತರುವ ವಿಷಯ. ಒಳ್ಳೆಯ ಬಸ್ಸಾರು, ಉಪ್ಸಾರು, ಸೊಪ್ಪಿನ ಪಲ್ಯ ಮಾಡುವ ಮನೆಯಲ್ಲಿ ಅದನ್ನೇ ಸಹಿಸಿಕೊಂಡು ತಿನ್ನುವಂತಾದರೆ ಏನು ಚೆಂದ?

ಜಿಮ್‌ನಲ್ಲಿ ಭಾರ ಎತ್ತುವವರು ವಾರಕ್ಕೆ ಒಂದೆರಡು ದಿನ ಅನ್ನ, ಗೆಣಸಿನಂಥ ಪಿಷ್ಟದ ಆಹಾರ ಹೆಚ್ಚಿಸಿಕೊಳ್ಳುತ್ತಾರೆ. ಅದು ಬೇರೆ. ಅವರು ಎಣ್ಣೆ, ಸಿಹಿ ಏರಿಸುವುದಿಲ್ಲ. ಒಟ್ಟು ಕ್ಯಾಲೊರಿಯೂ ಆ ದಿನಕ್ಕೆ ಬೇಕಾದ ಮಟ್ಟ ದಾಟುವುದಿಲ್ಲ. ವ್ಯಾಯಾಮಕ್ಕೆ ಕಸುವು ಬರುತ್ತದೆ. ಇದನ್ನೇ ನೆಪ ಮಾಡಿಕೊಂಡು ಪಿಜ್ಜಾ ದಿನ ಮಾಡಿಕೊಂಡರೆ ಪ್ರಯೋಜನವಿಲ್ಲ.

ಒಂದೆರಡು ವಾರದ ವಿರಾಮ

ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಆಸ್ಟ್ರೇಲಿಯಾದ ಟಾಸ್ಮೇನಿಯಾ ವಿಶ್ವವಿದ್ಯಾಲಯದ ನುವಾಲಾ ಬರ್ನ್ ಮತ್ತು ಸಂಗಡಿಗರು ಬೊಜ್ಜು ಇದ್ದ 51 ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು 16 ವಾರ ಸತತ ಡಯಟ್ ಮಾಡಿತು. ಇನ್ನೊಂದು ಗುಂಪು ಎರಡು ವಾರ ಡಯಟ್, ಎರಡು ವಾರ ವಿರಾಮ, ಹೀಗೆ ಮಾಡುತ್ತಾ ಅದೇ 16 ವಾರದ ಡಯಟ್ ಅನ್ನು 30 ವಾರದಲ್ಲಿ ಮುಗಿಸಿತು. ಸತತವಾಗಿ ಮಾಡಿದವರು ಸರಾಸರಿ 9.1 ಕಿಲೊ ಇಳಿದರು. ವಿರಾಮ ತೆಗೆದುಕೊಂಡವರು 14.1 ಕಿಲೊ. ಇದು ಹೊರಬಂದದ್ದು 2017ರಲ್ಲಿ. ಅವತ್ತಿನಿಂದ ‘ವಿರಾಮ ತೆಗೆದುಕೊಂಡರೆ ಜಾಸ್ತಿ ಇಳಿಯುತ್ತದೆ’ ಅನ್ನುವ ಮಾತು ಎಲ್ಲೆಡೆ ಹಬ್ಬಿತು.

ಆದರೆ ಇದನ್ನು ಪೂರ್ತಿ ಓದಬೇಕು. ಆ ವಿರಾಮದ ಎರಡು ವಾರ ಅವರು ಮನಸ್ಸಿಗೆ ಬಂದದ್ದು ತಿನ್ನಲಿಲ್ಲ. ತೂಕ ಏರದೆ, ಇಳಿಯದೆ ಇರಲು ಎಷ್ಟು ಬೇಕೋ ಅಷ್ಟೇ ಲೆಕ್ಕ ಹಾಕಿ ಊಟ ಕೊಟ್ಟರು. ಇನ್ನೊಂದು, ಅವರಿಗೆ ಹಿಡಿದದ್ದು ಸುಮಾರು ದುಪ್ಪಟ್ಟು ಸಮಯ. ಕ್ಯಾಲೆಂಡರ್ ಪ್ರಕಾರ ವಾರಕ್ಕೆ ಎಷ್ಟು ಇಳಿಯಿತು ಅಂತ ನೋಡಿದರೆ ಸತತ ಡಯಟ್ ಮಾಡಿದವರೇ ಸ್ವಲ್ಪ ಮುಂದೆ. ಮುಂದೆ 2021ರಲ್ಲಿ, ಭಾರ ಎತ್ತುವ ವ್ಯಾಯಾಮ ಮಾಡುವವರ ಮೇಲೆ ಆಸ್ಟ್ರೇಲಿಯಾದಲ್ಲೇ ನಡೆದ ಇನ್ನೊಂದು ಅಧ್ಯಯನ ಬಂತು. ಮೂರು ವಾರ ಡಯಟ್, ಒಂದು ವಾರ ವಿರಾಮ. ಕೊಬ್ಬು ಇಳಿದದ್ದರಲ್ಲಿ ವ್ಯತ್ಯಾಸ ಇರಲಿಲ್ಲ. ಆದರೆ ವಿರಾಮ ತೆಗೆದುಕೊಂಡವರಿಗೆ ಹಸಿವು, ತಿನ್ನುವ ಚಪಲ ಕಡಿಮೆ ಇತ್ತು. ವಿರಾಮದಿಂದ ಖಚಿತವಾಗಿ ಸಿಗುವುದು ಇದೇ ಅನ್ನಿಸುತ್ತದೆ. ಕೊಬ್ಬು ಹೆಚ್ಚು ಕರಗದೆ ಹೋದರೂ ಮನಸ್ಸಿಗೆ ಉಸಿರಾಡಲು ಜಾಗ ಸಿಗುತ್ತದೆ.

ಇದಕ್ಕಿಂತ ಹಳೆಯದಾದ 2003ರ ಒಂದು ಅಮೆರಿಕನ್ ಅಧ್ಯಯನ ನನಗೆ ಬಹಳ ಇಷ್ಟ. ಡಯಟ್ ಬಿಟ್ಟವರು ಹೇಗೆ ದಾರಿ ತಪ್ಪುತ್ತಾರೆ ಅಂತ ನೋಡಲು ಸಂಶೋಧಕರು ಬೇಕೆಂದೇ ಜನರಿಗೆ ‘ಈಗ ಬಿಟ್ಟುಬಿಡಿ’ ಅಂದರು. ಒಂದು ಗುಂಪಿಗೆ ಒಮ್ಮೆಲೇ ಆರು ವಾರ, ಇನ್ನೊಂದಕ್ಕೆ ಎರಡೆರಡು ವಾರದಂತೆ ಮೂರು ಸಲ. ತೂಕ ಮರಳಿ ಬರುತ್ತದೆ, ಜನ ಕೈಬಿಡುತ್ತಾರೆ ಅಂತ ಅವರ ಎಣಿಕೆ. ಹಾಗಾಗಲಿಲ್ಲ. ವಿರಾಮ ಮುಗಿಸಿ ಬಂದವರು ಮತ್ತೆ ಡಯಟ್ ಹಿಡಿದರು. ಕೊನೆಗೆ ನೋಡಿದರೆ ವಿರಾಮವೇ ಇಲ್ಲದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡು ವಾರ ಬಿಟ್ಟುಹೋಯಿತು, ಇನ್ನು ಆಗಲ್ಲ ಅಂತ ಕೈಚೆಲ್ಲಿದವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ. ಬಿಟ್ಟಲ್ಲಿಂದ ಹಿಡಿಯಬಹುದು. ಮರಳುವ ತಾರೀಕು ಮೊದಲೇ ಗೊತ್ತಿದ್ದರೆ ಇನ್ನೂ ಸುಲಭ.

ವಿರಾಮದಲ್ಲಿ ಏನು ತಿನ್ನಬೇಕು? ದಿನಕ್ಕೆ 1500 ತಿನ್ನುತ್ತಿದ್ದವರು 2000ಕ್ಕೆ ಏರಿಸಬೇಕು. 500 ಕ್ಯಾಲೊರಿ ಕೇಳಲು ದೊಡ್ಡದು, ತಟ್ಟೆಯಲ್ಲಿ ಚಿಕ್ಕದು. ಒಂದು ಚಪಾತಿ, ಒಂದು ಬಟ್ಟಲು ಅನ್ನ, ಒಂದು ಹಿಡಿ ಹುರಿದ ಕಡಲೆಕಾಯಿ. ಅಷ್ಟಕ್ಕೇ ಮುಗಿಯುತ್ತದೆ. ತುಪ್ಪ ಸುರಿದ ಎರಡು ಹೋಳಿಗೆಯಲ್ಲೂ ಮುಗಿಯುತ್ತದೆ.

ಪಂಚಾಂಗ ನೋಡಿ ಡಯಟ್ ಮಾಡುವುದು

ಪುಸ್ತಕದ ಡಯಟ್‌ಗಳು ನಮ್ಮಲ್ಲಿ ಮುರಿದುಬೀಳುವುದು ಇಲ್ಲಿ. ವಾರಕ್ಕೆ ಒಂದು ದಿನದ ರಜೆ ಅಂತ ಭಾನುವಾರ ಇಟ್ಟುಕೊಂಡಿರುತ್ತೇವೆ. ಮಂಗಳವಾರ ಹಬ್ಬ ಬರುತ್ತದೆ. ಗುರುವಾರ ಗೃಹಪ್ರವೇಶ. ಶುಕ್ರವಾರ ಯಾರದೋ ನಾಮಕರಣ. ಭಾನುವಾರದ ರಜೆಯಂತೂ ಇದ್ದೇ ಇದೆ. ವಾರದಲ್ಲಿ ನಾಲ್ಕು ರಜೆಯಾಯಿತು, ಅಲ್ವಾ?

ಹಾಗಾಗಿ ವಾರದ ಬದಲು ವರ್ಷ ನೋಡಿಕೊಂಡು ರಜೆ ಹಂಚಿಕೊಳ್ಳುವುದು ವಾಸಿ. ನಮ್ಮ ವರ್ಷದಲ್ಲೇ ಬಿಗಿ ತಿಂಗಳು, ಸಡಿಲ ತಿಂಗಳು ಇವೆ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಧನುರ್ಮಾಸದಲ್ಲೂ, ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ, ಹಾಗೇ. ಪಿತೃಪಕ್ಷದ ಹದಿನೈದು ದಿನ ಶುಭಕಾರ್ಯ ಇಲ್ಲ. ಕರೆಯೋಲೆಗಳೇ ಬಾರದ ಈ ದಿನಗಳಲ್ಲಿ ಗಂಭೀರವಾಗಿ ತೂಕ ಇಳಿಸಬಹುದು. ಧನುರ್ಮಾಸದ ಬೆಳಗ್ಗೆ ದೇವಸ್ಥಾನದ ಹುಗ್ಗಿ ಪ್ರಸಾದ ಇದೆ ನಿಜ. ದೊನ್ನೆಯಷ್ಟು ತೆಗೆದುಕೊಂಡು ಅದನ್ನೇ ತಿಂಡಿ ಮಾಡಿಕೊಂಡರೆ ಆಯಿತು.

ಆಮೇಲೆ ಶ್ರಾವಣ. ನಾಗರ ಪಂಚಮಿಯ ತಂಬಿಟ್ಟು, ಉಂಡಿಯಿಂದ ಹಿಡಿದು ಕೃಷ್ಣಾಷ್ಟಮಿಯ ಚಕ್ಕುಲಿ, ಕೋಡುಬಳೆವರೆಗೆ ಸುಮಾರು ಎರಡೂವರೆ ವಾರ. ನಡುವೆ ವರಮಹಾಲಕ್ಷ್ಮಿ. ಈ ದಿನಗಳಲ್ಲಿ ತೂಕ ಇಳಿಸುತ್ತೇನೆ ಅಂತ ಹಟ ಹಿಡಿಯುವ ಬದಲು ‘ಏರದಿದ್ದರೆ ಸಾಕು’ ಅಂತ ಇಟ್ಟುಕೊಳ್ಳಿ. ಇದೇ ನಿಮ್ಮ ವಿರಾಮ. ಗಣೇಶನ ಹಬ್ಬ ಒಂದೆರಡು ದಿನ. ಪಿತೃಪಕ್ಷ ಮತ್ತೆ ಬಿಗಿ. ನವರಾತ್ರಿ ಸಡಿಲ. ವಿಜಯದಶಮಿಯಿಂದ ದೀಪಾವಳಿಗೆ ಸುಮಾರು ಇಪ್ಪತ್ತು ದಿನ ಸಿಗುತ್ತದೆ, ಅದು ಬಿಗಿ. ರಂಜಾನ್ ಉಪವಾಸ ಮಾಡುವ ಮನೆಗಳಲ್ಲಿ, ಕ್ರಿಸ್‌ಮಸ್‌ಗೆ ಕುಸ್ವಾರ್ ಮಾಡುವ ಕರಾವಳಿಯ ಮನೆಗಳಲ್ಲಿ ತಿಂಗಳು ಬೇರೆಯಾಗುತ್ತವೆ, ಲೆಕ್ಕ ಇದೇ. ಹೊರದೇಶದಿಂದ ವರ್ಷಕ್ಕೊಮ್ಮೆ ಊರಿಗೆ ಬರುವವರು ಅಮ್ಮನ ಮನೆಯ ಮೂರು ವಾರವನ್ನು ಸುಮ್ನೆ ವಿರಾಮ ಅಂತಲೇ ಬರೆದುಕೊಳ್ಳಿ. ವರ್ಷಗಟ್ಟಲೆ ಕಾದ ಅಮ್ಮನ ಎದುರು ಕ್ಯಾಲೊರಿ ಎಣಿಸುವುದು ಬೇಡ. ವಾಪಸ್ ಹೋಗುವ ವಿಮಾನದ ದಿನವೇ ಡಯಟ್ ಶುರುವಾಗುವ ದಿನ.

ಹಬ್ಬದ ಒಂದು ಊಟಕ್ಕಿಂತ ಮಿಕ್ಕದ್ದೇ ಹೆಚ್ಚು ತೂಕ ಏರಿಸುತ್ತದೆ. ಹಬ್ಬ ಒಂದು ದಿನ. ಹೋಳಿಗೆ ಮೂರು ದಿನ. ಚಕ್ಕುಲಿ ಡಬ್ಬ ಎರಡು ವಾರ. ಅಡುಗೆ ಮಾಡುವ ಹೆಣ್ಣುಮಕ್ಕಳಿಗೆ ಇದು ಇನ್ನೂ ಕಷ್ಟ. ಉಪ್ಪು ನೋಡುವುದು, ಹದ ನೋಡುವುದು, ಚೆಲ್ಲಬಾರದು ಅಂತ ಮಿಕ್ಕದ್ದು ತಿನ್ನುವುದು, ಎಲ್ಲ ಅವರ ಪಾಲಿಗೇ. ಹಬ್ಬದ ಸಂಜೆಯೇ ಅಕ್ಕಪಕ್ಕದವರಿಗೆ, ಕೆಲಸಕ್ಕೆ ಬರುವವರಿಗೆ ಹಂಚಿಬಿಡಿ. ಮಾಡುವಾಗಲೇ ಸೇರಿನ ಬದಲು ಪಾವಿನ ಲೆಕ್ಕದಲ್ಲಿ ಮಾಡಿ. ಮನೆಯವರೂ ಒಂದು ಕೆಲಸ ಮಾಡಬಹುದು. ಮಿಕ್ಕದ್ದನ್ನು ಅವರ ತಟ್ಟೆಗೆ ತಳ್ಳದೆ ತಾವೇ ಎತ್ತಿಡಬಹುದು.

ಅಮೆರಿಕದಲ್ಲಿ 2000ದಲ್ಲಿ ಹೊರಬಂದ ಒಂದು ಅಧ್ಯಯನ ಅಲ್ಲಿನ ಹಬ್ಬದ ಆರರಿಂದ ಎಂಟು ವಾರದಲ್ಲಿ, ಅಂದರೆ ನವೆಂಬರ್ ಮಧ್ಯದಿಂದ ಜನವರಿ ಶುರುವಿನವರೆಗೆ, ಜನರ ತೂಕ ಎಷ್ಟು ಏರುತ್ತದೆ ಅಂತ ನೋಡಿತ್ತು. ಸರಾಸರಿ 370 ಗ್ರಾಂ. ಜನ ಹೆದರುವಷ್ಟು ಇಲ್ಲ. ಆದರೆ ಚಳಿಗಾಲ ಮುಗಿದರೂ ಅದು ಇಳಿದಿರಲಿಲ್ಲ. ವರ್ಷ ವರ್ಷ ಹೀಗೇ ಸೇರುತ್ತಾ ಹೋದರೆ ಹತ್ತು ವರ್ಷಕ್ಕೆ ಏನಾಗುತ್ತದೆ ಅನ್ನುವುದು ಸೊಂಟದ ಬೆಲ್ಟ್ ಹೇಳುತ್ತದೆ.

ಎಲೆಯ ಮುಂದೆ ಕೂತಾಗ

ಮದುವೆ ಮನೆಯಲ್ಲಿ ಏನೂ ತಿನ್ನದೆ ಎದ್ದರೆ ಕರೆದವರಿಗೂ ಬೇಸರ, ನಮಗೂ ಬೇಸರ. ಕೋಸಂಬರಿ, ಪಲ್ಯ ಎರಡು ಸಲ ಹಾಕಿಸಿಕೊಳ್ಳಿ. ಹೋಳಿಗೆ ಒಂದು, ತುಪ್ಪದ ಜೊತೆಗೇ, ನೆಮ್ಮದಿಯಾಗಿ ತಿನ್ನಿ. ಬಿಡಬಹುದಾದ್ದು ಯಾವುದು ಅಂದರೆ ಎಲ್ಲ ಮದುವೆಯಲ್ಲೂ ಒಂದೇ ರುಚಿಯಿರುವ ಚಿತ್ರಾನ್ನ, ಪೂರಿ, ಬೋಂಡ. ಅನ್ನ ಒಂದೇ ಸಲ. ಬಡಿಸುವವರು ಬಂದಾಗ ‘ಸಾಕು’ ಅಂದರೆ ಕೇಳುವುದಿಲ್ಲ. ಎಲೆಗೆ ಕೈ ಅಡ್ಡ ಹಿಡಿದು ‘ಇದು ಮುಗಿಸಿ ಹಾಕಿಸ್ಕೋತೀನಿ ಅಣ್ಣ’ ಅಂದರೆ ಮುಂದಿನ ಎಲೆಗೆ ಹೋಗುತ್ತಾರೆ. ಬೀಗರೂಟದಲ್ಲಾದರೆ ಇನ್ನೂ ಸುಲಭ. ಸಾರಿನ ತುಂಡು ಜಾಸ್ತಿ, ಮುದ್ದೆ ಅರ್ಧ, ಬಿರಿಯಾನಿ ಎರಡು ತುತ್ತು ರುಚಿಗೆ.

ಮಾರನೇ ದಿನ, ತೂಕದ ಯಂತ್ರ

ರಜೆಯ ಮಾರನೇ ದಿನ ಬೆಳಗ್ಗೆ ತೂಕ ನೋಡಿ ಗಾಬರಿಯಾಗುವವರು ಬಹಳ. ಒಂದೂವರೆ ಕಿಲೊ ಜಾಸ್ತಿ ತೋರಿಸಬಹುದು. ಅದು ಕೊಬ್ಬಲ್ಲ. ಒಂದೂವರೆ ಕಿಲೊ ಕೊಬ್ಬು ಬರಬೇಕಾದರೆ ಬೇಕಾದ್ದಕ್ಕಿಂತ 11,000ಕ್ಕೂ ಹೆಚ್ಚು ಕ್ಯಾಲೊರಿ ತಿನ್ನಬೇಕು, ಒಂದು ದಿನದಲ್ಲಿ ಅದು ಆಗುವ ಮಾತಲ್ಲ. ಡಯಟ್‌ನಲ್ಲಿ ಖಾಲಿಯಾಗಿದ್ದ ಗ್ಲೈಕೋಜನ್, ಅಂದರೆ ಮೈ ಕೂಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನು, ಮತ್ತೆ ತುಂಬಿಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿಕೊಳ್ಳುತ್ತದೆ. ಹೋಟೆಲ್ ಊಟದ ಉಪ್ಪು ಇನ್ನಷ್ಟು ನೀರು ಹಿಡಿದಿಡುತ್ತದೆ. ಮೂರು ನಾಲ್ಕು ದಿನಕ್ಕೆ ಇಳಿಯುತ್ತದೆ. ಭಾನುವಾರ ರಜೆ ಇದ್ದವರು ಗುರುವಾರವೋ ಶುಕ್ರವಾರವೋ ತೂಕ ನೋಡಿಕೊಳ್ಳಲಿ. ಸೋಮವಾರ ನೋಡುವುದರಿಂದ ಬೇಸರ ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಮಾರನೇ ದಿನ ಪೂರ್ತಿ ಉಪವಾಸ ಮಾಡಿ ಸರಿದೂಗಿಸುವುದೂ ಬೇಡ. ಒಪ್ಪತ್ತು ಮಾಡುವ ಅಭ್ಯಾಸ ಇರುವವರು ತಮ್ಮ ಏಕಾದಶಿ, ಸೋಮವಾರಕ್ಕೆ ಮಾಡಲಿ, ತೊಂದರೆಯಿಲ್ಲ. ಆದರೆ ನಿನ್ನೆ ತಿಂದದ್ದಕ್ಕೆ ಇವತ್ತು ದಂಡ ಕಟ್ಟುವ ಮನಸ್ಸು ಬಂದರೆ ಸಂಜೆಗೆ ಹಸಿವು ತಡೆಯದೆ ಮತ್ತೆ ಎಲ್ಲ ಕೈಮೀರುತ್ತದೆ. ಎಂದಿನ ತಿಂಡಿ, ಎಂದಿನ ಊಟ. ಅಷ್ಟು ಸಾಕು.

ವ್ಯಾಯಾಮದ ರಜೆ ಬೇರೆ

ಇದನ್ನು ಊಟದ ರಜೆಯ ಜೊತೆ ಸೇರಿಸಬೇಡಿ. ಭಾರ ಎತ್ತುವವರಿಗೆ ಒಂದೇ ಸ್ನಾಯುವಿಗೆ ಎರಡು ಸಲದ ನಡುವೆ ಒಂದೆರಡು ದಿನ ಬಿಡುವು ಬೇಕೇ ಬೇಕು. ಓಡುವವರಿಗೂ ಬೇಕು, ಇಲ್ಲದಿದ್ದರೆ ಮೊಣಕಾಲು ಕೇಳುವುದಿಲ್ಲ. ನಡಿಗೆಗೆ ರಜೆ ಬೇಕಾಗಿಲ್ಲ. ವಾರಕ್ಕೆ 150 ನಿಮಿಷವಾದರೂ ಬಿರುಸು ನಡಿಗೆಯಂಥ ವ್ಯಾಯಾಮ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಿನವರು ಜಿಮ್ ರಜೆ, ಊಟದ ರಜೆ ಎರಡನ್ನೂ ಭಾನುವಾರಕ್ಕೇ ಇಡುತ್ತಾರೆ. ಬೇರೆ ಮಾಡಿ. ಇಷ್ಟದ ಊಟ ಇರುವ ದಿನವೇ ಉದ್ದ ನಡಿಗೆ ಇಟ್ಟುಕೊಳ್ಳಿ. ಕಬ್ಬನ್ ಪಾರ್ಕ್ ಸುತ್ತಿ ಬಂದು ದೋಸೆ ತಿಂದರೆ ರುಚಿಯೂ ಹೆಚ್ಚು.

ಔಷಧ ತೆಗೆದುಕೊಳ್ಳುವವರು

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಒಂದು ದಿನ ಬಿಗಿ, ಒಂದು ದಿನ ಸಡಿಲ ಅಂತ ತಾವೇ ಮಾಡಿಕೊಳ್ಳಬಾರದು. ಊಟ ಕಡಿಮೆಯಾದ ದಿನ ಸಕ್ಕರೆ ಒಮ್ಮೆಲೇ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಹಬ್ಬದ ತಿಂಗಳು ಬರುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿಕೊಳ್ಳಿ. ಇವರಿಗೆ ಇಷ್ಟದ ಊಟ ಅಂದರೆ ಅನ್ನದ ಜೊತೆಗೆ ಹೋಳಿಗೆ ಅಂತ ಆಗಬಾರದು, ಅನ್ನ ಬಿಟ್ಟು ಹೋಳಿಗೆ ಅಂತ ಇರಬೇಕು. ತೂಕ ಇಳಿಸಲು ವಾರಕ್ಕೊಮ್ಮೆ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್ ತೆಗೆದುಕೊಳ್ಳುವವರು, ಮದುವೆ ಊಟ ಸೇರಲಿ ಅಂತ ಆ ವಾರದ ಇಂಜೆಕ್ಷನ್ ಬಿಡುವುದೂ ಸರಿಯಲ್ಲ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳ ವಿಷಯವೇ ಬೇರೆ. ಅವರಿಗೆ ಈ ಲೆಕ್ಕ ಯಾವುದೂ ಅಲ್ಲ.

ಆರಿಸಿಕೊಂಡದ್ದು ಸರಿಯಾ?

ಒಂದು ತಿಂಗಳು ನೋಡಿ. ದಿನದಿನದ ತೂಕ ಬಿಟ್ಟು, ಪ್ರತಿ ವಾರ ಒಂದೇ ದಿನ ನೋಡಿದ ತೂಕ ಬರೆದಿಡಿ. ಸೊಂಟದ ಸುತ್ತಳತೆಯನ್ನೂ ಟೇಪಿನಲ್ಲಿ ನೋಡಿ. ನಮ್ಮ ಜನರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಜಾಸ್ತಿ ಅಂತ ಲೆಕ್ಕ. ನಾಲ್ಕು ವಾರದಲ್ಲಿ ಎರಡೂ ಅಲ್ಲಾಡದಿದ್ದರೆ ನಿಮ್ಮ ರಜೆ ನೀವು ಅಂದುಕೊಂಡದ್ದಕ್ಕಿಂತ ಉದ್ದವಾಗಿದೆ. ಒಂದು ಹೊತ್ತಿನದು ಎರಡು ಹೊತ್ತಾಗಿರಬಹುದು, ಶುಕ್ರವಾರ ರಾತ್ರಿಯೇ ಶುರುವಾಗುತ್ತಿರಬಹುದು. ತೂಕ ಚೆನ್ನಾಗಿ ಇಳಿಯುತ್ತಿದ್ದು, ಮನೆಯವರ ಮೇಲೆ ಸುಮ್ಸುಮ್ನೆ ಸಿಡುಕುತ್ತಿದ್ದರೆ, ರಾತ್ರಿ ನಿದ್ದೆ ಬಾರದಿದ್ದರೆ, ಸದಾ ಊಟದ್ದೇ ಯೋಚನೆಯಾಗಿದ್ದರೆ ಎರಡು ವಾರದ ವಿರಾಮ ತೆಗೆದುಕೊಳ್ಳಿ. ಶುರುವಿನ ತಾರೀಕು, ಮುಗಿಯುವ ತಾರೀಕು ಎರಡನ್ನೂ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆದು, ಮನೆಯವರಿಗೂ ಹೇಳಿಡಿ.